ಕುಕ್ಕುವಾಡದ ರಸ್ತೆಯಲ್ಲಿ ಆದಿಮಾನವ

ಕುಕ್ಕುವಾಡಕ್ಕೆ ಹೋಗುವುದಾದರೆ ಕಬ್ಬಿನ ಹಂಗಾಮಿನಲ್ಲಿ ಹೋಗಬೇಕು. ಮಿಕ್ಕ ದಿನಗಳಲ್ಲಿ ಅದು ದಾವಣಗೆರೆ ತಾಲ್ಲೂಕಿನ ಎಷ್ಟೋ ಊರುಗಳ ಹಾಗೆ ಭದ್ರಾ ನಾಲೆಯ ನೀರು ಕುಡಿದು, ಭತ್ತ ಬೆಳೆದು, ಅಡಿಕೆ ಸಸಿ ನೆಟ್ಟುಕೊಂಡು ತಣ್ಣಗಿರುವ ಊರು. ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಾಡತೊಡಗಿತೆಂದರೆ ಮಾತ್ರ ಊರಿನ ಚಹರೆಯೇ ಬದಲಾಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ಅಂಚಿನಲ್ಲಿ ಸಾಲು ಹಿಡಿಯುತ್ತವೆ. ಗಾಳಿಯಲ್ಲಿ ಕಾಕಂಬಿಯ ಹುಳಿ-ಸಿಹಿ ವಾಸನೆ. ಟ್ರೈಲರಿನಿಂದ ಜಾರಿದ ಜಲ್ಲೆಗಾಗಿ ಮಕ್ಕಳ ಓಟ. ಗದ್ದೆಬಯಲಿನಲ್ಲಿ ಕಬ್ಬು ಕಡಿಯಲು ಬಂದವರ ಗುಡಿಸಲುಗಳು ಏಳುತ್ತವೆ. ಇಷ್ಟು ಜನ ಸೇರಿದ ಮೇಲೆ ವ್ಯಾಪಾರಿಗಳೂ ಬರಬೇಕಲ್ಲ. ಬಳೆ, ಬಾಚಣಿಗೆ, ಬಲೂನು, ಗೊಂಬೆ ಎಲ್ಲ ಬರುತ್ತವೆ.

ಹೋದ ಹಂಗಾಮಿನ ಒಂದು ಸಂಜೆ ಟಿವಿಎಸ್ ಗಾಡಿಗೆ ಬಿದಿರಿನ ಚೌಕಟ್ಟು ಕಟ್ಟಿ ಅದರ ತುಂಬ ಆಟಿಕೆ ತೂಗುಹಾಕಿಕೊಂಡಿದ್ದ ಒಬ್ಬನ ಮುಂದೆ ನಾನು ನಿಂತುಬಿಟ್ಟೆ. ಒಂದು ಪ್ಲಾಸ್ಟಿಕ್ ಪಾಕೀಟಿನಲ್ಲಿ ಎರಡು ಡೈನೊಸಾರು, ಒಂದು ತೆಂಗಿನ ಮರದಂಥ ಮರ, ಮೂವರು ಆದಿಮಾನವರು.

‘ಮೊಮ್ಮಗನಿಗಾ ಸಾರ್?’ ಎಂದ.

‘ಅಲ್ಲಪ್ಪ, ನನಗೇ’ ಎಂದೆ. ಅವನು ಒಂದು ಗಳಿಗೆ ನನ್ನ ಕನ್ನಡಕವನ್ನೂ ನೆರೆತ ತಲೆಯನ್ನೂ ನೋಡಿ, ಚೌಕಾಸಿಗೆ ಅವಕಾಶ ಕೊಡದೆ ಹೇಳಿದ ಬೆಲೆಗೇ ಕೊಟ್ಟ.

ನಾನು ವಿಜ್ಞಾನದ ಮೇಷ್ಟ್ರು. ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆ ಚೀಟಿ ಸಂಗ್ರಹಿಸುವವರನ್ನು ನೀವು ಕಂಡಿರುತ್ತೀರಿ. ನನ್ನದು ಅಗ್ಗದ ಪ್ಲಾಸ್ಟಿಕ್ ಆದಿಮಾನವರು. ಮಗ ಚಿಕ್ಕವನಿದ್ದಾಗ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಅವನಿಗೆಂದು ಕೊಂಡ ಒಂದು ಪಾಕೀಟಿನಿಂದ ಶುರುವಾದ ಚಾಳಿ ಇದು. ಅವನು ಡೈನೊಸಾರುಗಳನ್ನು ಇಟ್ಟುಕೊಂಡು ಮನುಷ್ಯರನ್ನು ಬಿಸಾಡಿದ. ನಾನು ಎತ್ತಿಟ್ಟುಕೊಂಡೆ. ಹರಿಹರದ ಬಸ್‌ಸ್ಟ್ಯಾಂಡು, ಚಿತ್ರದುರ್ಗದ ಕೋಟೆ ಬಾಗಿಲು, ಹೋದ ಹೋದ ಜಾತ್ರೆಗಳಲ್ಲೆಲ್ಲ ಒಂದೊಂದು ಸಿಕ್ಕಿತು. ಈಗ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ನಲವತ್ತಮೂರು ಜನ ಇದ್ದಾರೆ. ‘ಮನೆಯಲ್ಲಿ ಒಬ್ಬರು ಇರೋದು ಸಾಲದು ಅಂತ ಇಷ್ಟು ಜನಾನಾ?’ ಎಂಬುದು ನನ್ನ ಹೆಂಡತಿಯ ಶಾಶ್ವತ ಪ್ರಶ್ನೆ.

ಕೂಡಿಡುವುದು ಸುಲಭ, ಗುರುತಿಸುವುದು ಕಷ್ಟ. ಅದರಲ್ಲೇ ಸ್ವಾರಸ್ಯವಿರುವುದು. ಗೊಂಬೆಯ ಮೇಲೆ ತಯಾರಕರ ಹೆಸರು ಇರುವುದಿಲ್ಲ. ಬೆನ್ನ ಮೇಲೋ ಪಾದದ ಅಡಿಯಲ್ಲೋ ‘ಮೇಡ್ ಇನ್ ಹಾಂಗ್ ಕಾಂಗ್’ ಅಥವಾ ಬರೀ ‘ಚೈನಾ’ ಎಂದು ಭೂತಗನ್ನಡಿಗೆ ಕಾಣುವಷ್ಟು ಸಣ್ಣಕ್ಕೆ ಇದ್ದರೆ ಪುಣ್ಯ. ಹಾಂಗ್ ಕಾಂಗ್ ಎಂದಿದ್ದರೆ ಅಚ್ಚು ಹಳೆಯದಿರಬಹುದು ಎಂದು ಊಹಿಸಬಹುದು. ಏಕೆಂದರೆ 1980ರ ದಶಕದಲ್ಲಿ ಅಲ್ಲಿನ ಆಟಿಕೆ ಕಾರ್ಖಾನೆಗಳು ಒಂದೊಂದಾಗಿ ಪಕ್ಕದ ಚೀನಾದ ಗುವಾಂಗ್‌ಡಾಂಗ್ ಪ್ರಾಂತಕ್ಕೆ ಹೋದವು. ಗುರುತೇ ಇಲ್ಲದಿದ್ದರೆ ಮೈಯನ್ನು ಓದಬೇಕು. ಗೊಂಬೆಯ ಎರಡು ಪಕ್ಕೆಗಳಲ್ಲಿ ತಲೆಯಿಂದ ಕಾಲಿನವರೆಗೆ ಒಂದು ಸಣ್ಣ ಗೆರೆ ಓಡುತ್ತದೆ. ಅದು ಅಚ್ಚಿನ ಎರಡು ಹೋಳುಗಳು ಕೂಡಿದ ಜಾಗ. ಎಲ್ಲೋ ಒಂದು ಕಡೆ ಕತ್ತರಿಸಿದಂಥ ಚುಕ್ಕೆ ಇರುತ್ತದೆ. ಕರಗಿದ ಪ್ಲಾಸ್ಟಿಕ್ ಒಳಗೆ ನುಗ್ಗಿದ ದಾರಿ ಅದು; ಗೊಂಬೆಯ ಹೊಕ್ಕುಳು ಎನ್ನಿ. ಎರಡು ಗೊಂಬೆಗಳ ಭಂಗಿ ಒಂದೇ ಆಗಿದ್ದು ಹೊಕ್ಕುಳು ಬೇರೆ ಕಡೆ ಇದ್ದರೆ ಅವು ಬೇರೆ ಬೇರೆ ಅಚ್ಚಿನವು.

ಯಾವ ಪ್ಲಾಸ್ಟಿಕ್ಕು ಎಂದು ತಿಳಿಯಲು ಸುಟ್ಟು ನೋಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಹೊಗೆ ವಿಷ. ನೀರು ಸಾಕು. ಗಟ್ಟಿ ಎರಕದ, ಒಳಗೆ ಪೊಳ್ಳಿಲ್ಲದ ಗೊಂಬೆಯನ್ನು ಒಂದು ಲೋಟ ನೀರಿಗೆ ಹಾಕಿ, ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಒರೆಸಿ. ತೇಲಿದರೆ ಪಾಲಿಥೀನ್ ಜಾತಿಯದು. ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಮುಳುಗಿದರೆ ಆಟ ಮುಗಿಯಲಿಲ್ಲ. 200 ಮಿಲಿಲೀಟರ್ ನೀರಿಗೆ 50 ಗ್ರಾಂ ಅಡುಗೆ ಉಪ್ಪು ಕರಗಿಸಿ ಮತ್ತೆ ಹಾಕಿ. ಈಗ ತೇಲಿದರೆ ಬಹುಮಟ್ಟಿಗೆ ಪಾಲಿಸ್ಟೈರೀನ್. ಬಗ್ಗಿಸಿದರೆ ಪಟ್ಟನೆ ಮುರಿಯುವುದು ಅದೇ. ಆಗಲೂ ತಳ ಹಿಡಿದರೆ ಸಾಮಾನ್ಯವಾಗಿ ಪಿವಿಸಿ. ಸಾಪೇಕ್ಷ ಸಾಂದ್ರತೆಯ ಪಾಠವನ್ನು ನಾನು ಹಲವು ವರ್ಷ ಕಬ್ಬಿಣದ ಗುಂಡು, ಮರದ ತುಂಡು ಇಟ್ಟುಕೊಂಡು ಮಾಡಿದವನು. ಆಗ ಆಕಳಿಸುತ್ತಿದ್ದ ಮಕ್ಕಳು ಆದಿಮಾನವ ಮುಳುಗುತ್ತಾನೋ ತೇಲುತ್ತಾನೋ ಎಂದು ಪಂದ್ಯ ಕಟ್ಟತೊಡಗಿದ ಮೇಲೆ ಪಾಠ ನನ್ನ ಕೈಯಿಂದ ಅವರ ಕೈಗೆ ಹೋಯಿತು.

ಇಲ್ಲಿ ತಂದೆತಾಯಂದಿರಿಗೆ ಒಂದು ಮಾತು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನನ್ನಂಥ ಮುದುಕನ ಡಬ್ಬಿಗೆ ಹಳೆಯ ಗುರುತಿಲ್ಲದ ಗೊಂಬೆ ಬಂದರೆ ಅಡ್ಡಿಯಿಲ್ಲ. ಬಾಯಿಗೆ ಹಾಕಿಕೊಳ್ಳುವ ಕೂಸಿಗೆ ಮಾತ್ರ ಬೇಡ. ಮೆತ್ತನೆಯ ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸುವ ಕೆಲವು ರಾಸಾಯನಿಕಗಳು ಮಕ್ಕಳಿಗೆ ಒಳ್ಳೆಯವಲ್ಲ. ಸಣ್ಣ ದೊಣ್ಣೆ, ಸಣ್ಣ ತಲೆಗಳು ಗಂಟಲಿಗೆ ಸಿಕ್ಕುವುದೂ ಉಂಟು.

ನನ್ನ ಡಬ್ಬಿಯಲ್ಲಿ ದೊಣ್ಣೆ ಎತ್ತಿದ ಒಬ್ಬ ಆಸಾಮಿ ಮೂರು ಗಾತ್ರದಲ್ಲಿ ಇದ್ದಾನೆ. 60 ಮಿಲಿಮೀಟರ್, ಐವತ್ತೆಂಟೂವರೆ, ಮತ್ತೆ 57. ಮೊದಲನೆಯವನಿಗೆ ಕಾಲಿನ ಐದು ಬೆರಳೂ ಎಣಿಸಲು ಸಿಗುತ್ತವೆ. ಎರಡನೆಯವನಿಗೆ ಬೆರಳುಗಳು ಕೂಡಿಕೊಂಡಿವೆ. ಮೂರನೆಯವನದು ಗೊರಸು! ಇದು ವಿಕಾಸವಾದವಲ್ಲ, ನಕಲು. ಮೂಲ ಗೊಂಬೆಯನ್ನೇ ಇಟ್ಟು ಅಚ್ಚು ತೆಗೆದು ಎರಕ ಹೊಯ್ದರೆ ಪ್ಲಾಸ್ಟಿಕ್ಕು ಆರುವಾಗ ಕುಗ್ಗುತ್ತದೆ. ಪಾಲಿಥೀನಾದರೆ ನೂರಕ್ಕೆ ಎರಡು-ಮೂರರಷ್ಟು. ಆ ನಕಲಿನಿಂದ ಮತ್ತೊಂದು ನಕಲು ತೆಗೆದರೆ ಇನ್ನಷ್ಟು ಸಣ್ಣ, ಇನ್ನಷ್ಟು ಮಂಕು. ಆದ್ದರಿಂದ ಅಡಿಪಟ್ಟಿ ಹಿಡಿದರೆ ಅಜ್ಜ ಯಾರು, ಮೊಮ್ಮಗ ಯಾರು ಎಂದು ಹೇಳಬಹುದು.

ಇವರೆಲ್ಲರ ಮೂಲಪುರುಷನನ್ನು ಹುಡುಕುತ್ತ ಹೋದರೆ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಲೂಯಿ ಮಾರ್ಕ್ಸ್ ಎಂಬಾತನ ದೊಡ್ಡ ಆಟಿಕೆ ಕಂಪನಿ ಇತ್ತು. (ಗಿರಣಿಗಳ ಕಾಲದಲ್ಲಿ ಕೆಂಬಾವುಟ ಕಂಡ ದಾವಣಗೆರೆಯವರು ಮಾರ್ಕ್ಸ್ ಎಂದರೆ ಬೇರೆಯವರನ್ನು ನೆನೆಯುತ್ತಾರೆ; ಈತ ಶುದ್ಧ ವ್ಯಾಪಾರಿ.) 1950ರ ದಶಕದ ಕೊನೆಯ ಹೊತ್ತಿಗೆ ಆ ಕಂಪನಿ ಡೈನೊಸಾರುಗಳನ್ನೂ ಗುಹಾಮಾನವರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. 1960ರಲ್ಲಿ ‘ಫ್ಲಿಂಟ್‌ಸ್ಟೋನ್ಸ್’ ಕಾರ್ಟೂನು ಬಂತು, 1966ರಲ್ಲಿ ‘ಒನ್ ಮಿಲಿಯನ್ ಇಯರ್ಸ್ ಬಿ.ಸಿ.’ ಸಿನಿಮಾ ಬಂತು. ಎರಡರಲ್ಲೂ ಮನುಷ್ಯರೂ ಡೈನೊಸಾರುಗಳೂ ಅಕ್ಕಪಕ್ಕದ ಮನೆಯವರು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ ಕಾಲಿಟ್ಟ ಮೇಲೆ ಈ ನೆರೆಹೊರೆ ನಮ್ಮ ಮಕ್ಕಳ ಕಣ್ಣಿಗೂ ಬಿತ್ತು. ಮಾರ್ಕ್ಸ್ ಕಂಪನಿ ಬಾಗಿಲು ಹಾಕಿ ನಲವತ್ತು ವರ್ಷ ದಾಟಿದೆ. ಆ ಪೆಟ್ಟಿಗೆಯಲ್ಲಿ ಆದ ಕಾಲದ ಕಲಬೆರಕೆ ಮಾತ್ರ ನಕಲಿನ ಮೇಲೆ ನಕಲಾಗಿ ಕುಕ್ಕುವಾಡದ ಟಿವಿಎಸ್ ಗಾಡಿಯವರೆಗೆ ಬಂದಿದೆ.

ಈ ಕಲಬೆರಕೆಗೆ ನಾನೂ ಒಮ್ಮೆ ಮೊದಲ ಬಹುಮಾನ ಕೊಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಬೇರೊಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಥರ್ಮೊಕೋಲಿನ ಬೆಟ್ಟ, ಅದರಲ್ಲಿ ಗುಹೆ, ಒಳಗೆ ಕೆಂಪು ಬಲ್ಬಿನ ಬೆಂಕಿ, ಹೊರಗೆ ಡೈನೊಸಾರನ್ನು ಅಟ್ಟಿಸಿಕೊಂಡು ಹೋಗುವ ಆದಿಮಾನವ. ಕಣ್ಣಿಗೆ ಹಬ್ಬವಾಗಿತ್ತು. ಅಂಕ ಹಾಕಿ ಹೊರಡುವಾಗ ಪಕ್ಕದ ಮೇಜಿನಲ್ಲಿ ಹಸಿರುಮನೆಯ ಮಾದರಿ ಇಟ್ಟುಕೊಂಡಿದ್ದ ಹುಡುಗಿ ಕೇಳಿದಳು: ‘ಸಾರ್, ಇವರಿಬ್ಬರೂ ಒಂದೇ ಕಾಲದಲ್ಲಿ ಇದ್ದರಾ?’ ನನಗೆ ಉತ್ತರ ಗೊತ್ತಿತ್ತು. ಬಹುಮಾನದ ಹೆಸರು ಆಗಲೇ ಬರೆದಾಗಿತ್ತು. ‘ಮಾದರಿ ಚೆನ್ನಾಗಿದೆಯಲ್ಲಮ್ಮ’ ಎಂದುಬಿಟ್ಟೆ. ಆ ಹುಡುಗಿ ಮತ್ತೇನೂ ಕೇಳಲಿಲ್ಲ. ಅವಳಿಗೀಗ ನಲವತ್ತರ ಹತ್ತಿರ ವಯಸ್ಸಿರಬೇಕು. ಇದನ್ನು ಓದುತ್ತಿದ್ದರೆ, ಇಲ್ಲಮ್ಮ, ಇರಲಿಲ್ಲ.

ಎಷ್ಟು ಅಂತರ ಎಂಬುದನ್ನು ಈಗ ನಾನು ರಸ್ತೆಯ ಮೇಲೆ ಅಳೆದು ಹೇಳುತ್ತೇನೆ. ಒಂದು ಕಿಲೋಮೀಟರಿಗೆ ಹತ್ತು ಲಕ್ಷ ವರ್ಷ ಎಂದಿಟ್ಟುಕೊಳ್ಳಿ. ನೀವು ದಾವಣಗೆರೆಯಲ್ಲಿ ನಿಂತಿದ್ದೀರಿ, ಅದು ಇಂದು. ಡೈನೊಸಾರುಗಳು ಅಳಿದದ್ದು 66 ಕಿಲೋಮೀಟರ್ ಆಚೆ, ಹೆಚ್ಚುಕಡಿಮೆ ಚಿತ್ರದುರ್ಗದ ಹತ್ತಿರ. ಅಲ್ಲಿಂದ ಇತ್ತ ರಸ್ತೆ ಖಾಲಿ. ಕಲ್ಲು ಕೆತ್ತುವ ಮಾನವರು ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂಬ ಅಂದಾಜಿದೆ. ನಮ್ಮ ಲೆಕ್ಕದಲ್ಲಿ ಅದು ಊರ ಹೊರಗೆ ಒಂದೂಕಾಲು ಕಿಲೋಮೀಟರಿನೊಳಗೆ. ನಮ್ಮಂಥದೇ ಮನುಷ್ಯ ಜಾತಿ ಹುಟ್ಟಿದ್ದು ಮುನ್ನೂರು ಮೀಟರಿನಲ್ಲಿ. ಹೊಲ ಉತ್ತು ದನ ಸಾಕಿದ ನಮ್ಮ ನಾಡಿನ ನವಶಿಲಾಯುಗದವರು ನಿಮ್ಮಿಂದ ನಾಲ್ಕೈದು ಮೀಟರ್ ದೂರದಲ್ಲಿದ್ದಾರೆ. ಕೂಗಿದರೆ ಓಗೊಡುವಷ್ಟು ಹತ್ತಿರ! ಹಾಗೆ ನೋಡಿದರೆ ಮನುಷ್ಯ ಮತ್ತು ಡೈನೊಸಾರು ಜೊತೆಗಿರುವುದು ಒಂದೇ ಅರ್ಥದಲ್ಲಿ ನಿಜ. ಹಕ್ಕಿಗಳು ಡೈನೊಸಾರುಗಳ ವಂಶದವು. ಕುಕ್ಕುವಾಡದ ಅಂಗಳದಲ್ಲಿ ಕಾಳು ಕುಕ್ಕುವ ಕೋಳಿಯನ್ನು ಅಟ್ಟಿಸಿಕೊಂಡು ಹೋಗುವ ಹುಡುಗನೇ ಆ ಥರ್ಮೊಕೋಲ್ ಬೆಟ್ಟದ ಸರಿಯಾದ ಮಾದರಿ.

ಇನ್ನೊಂದು ತಪ್ಪು ಇದಕ್ಕಿಂತ ಹಳೆಯದು. ನನ್ನ ನಲವತ್ತಮೂರರಲ್ಲಿ ಹೆಚ್ಚಿನವರು ಮೊಣಕಾಲು ಬಗ್ಗಿಸಿ, ಕುತ್ತಿಗೆ ಮುಂದೆ ಚಾಚಿ, ಗೂನು ಬೆನ್ನಿನಲ್ಲಿ ನಿಂತಿದ್ದಾರೆ. ಈ ನಿಲುವು ಎಲ್ಲಿಂದ ಬಂತು ಗೊತ್ತೇ? 1908ರಲ್ಲಿ ಫ್ರಾನ್ಸಿನ ಲಾ ಶಾಪೆಲ್ ಎಂಬಲ್ಲಿ ನಿಯಾಂಡರ್ತಾಲ್ ಮಾನವನ ಅಸ್ಥಿಪಂಜರ ಸಿಕ್ಕಿತು. ಅದನ್ನು ಪರೀಕ್ಷಿಸಿದ ಮಾರ್ಸೆಲಿನ್ ಬೂಲ್ ಎಂಬ ವಿದ್ವಾಂಸರು ಈ ಮಾನವ ನೆಟ್ಟಗೆ ನಿಲ್ಲಲಾರದವನು, ಅರ್ಧ ಮಂಗ ಎಂಬಂತೆ ಬಣ್ಣಿಸಿದರು. ಚಿತ್ರಕಾರರು ಹಾಗೆಯೇ ಬರೆದರು, ಗೊಂಬೆ ಮಾಡುವವರು ಹಾಗೆಯೇ ಕೆತ್ತಿದರು. 1957ರಲ್ಲಿ ಸ್ಟ್ರಾಸ್ ಮತ್ತು ಕೇವ್ ಎಂಬಿಬ್ಬರು ಆ ಎಲುಬುಗಳನ್ನು ಮತ್ತೆ ನೋಡಿ ಆತನಿಗೆ ತೀವ್ರವಾದ ಸಂಧಿವಾತವಿತ್ತು ಎಂದರು. ಅಂದರೆ ಒಬ್ಬ ಮಂಡಿನೋವಿನ ಹಿರಿಯನನ್ನು ನೋಡಿ ಇಡೀ ಕುಲವೇ ಗೂನು ಎಂದು ತೀರ್ಮಾನಿಸಿದ ಹಾಗಾಯಿತು. ನನ್ನ ಮಂಡಿಯನ್ನು ಮುಂದಿನ ಯುಗದವರು ಅಗೆದು ನೋಡಿದರೆ ದಾವಣಗೆರೆಯ ಜನರ ಬಗ್ಗೆ ಏನೆಂದಾರೋ!

ಇದೆಲ್ಲ ತಮಾಷೆಯ ಮಾತಾಗಿಯೇ ಉಳಿಯುತ್ತಿತ್ತೇನೋ. ಆದರೆ ಅದೇ ಸಂಜೆ, ಅದೇ ಗೊಂಬೆಯವನ ಗಾಡಿಯ ಬಳಿ, ಬೇರೊಂದು ನಡೆಯಿತು.

ನನ್ನ ಹಿಂದೆಯೇ ಊರಿನ ಇಬ್ಬರು ಹುಡುಗರು ಅಂಥದೇ ಪಾಕೀಟು ಕೊಂಡರು. ರಸ್ತೆಯಾಚೆ ಕಬ್ಬು ಕಡಿಯುವವರ ಗುಡಿಸಲುಗಳಿದ್ದವು. ಬಿದಿರಿನ ಗಳ, ಮೇಲೆ ಕಬ್ಬಿನ ಸೋಗೆ, ಅದರ ಮೇಲೊಂದು ಹರಿದ ತಾಡಪಾಲು. ಅಲ್ಲಿಂದ ಅವರದೇ ವಯಸ್ಸಿನ ಒಬ್ಬ ಹುಡುಗ ಬರಿಮೈಯಲ್ಲಿ, ಹೆಗಲ ಮೇಲೆ ಜಲ್ಲೆ ಇಟ್ಟುಕೊಂಡು ಗೊಂಬೆ ನೋಡಲು ಬಂದ. ಈ ಇಬ್ಬರಲ್ಲಿ ಒಬ್ಬ ಕೈಯಲ್ಲಿದ್ದ ಗೊಂಬೆಯನ್ನು ನೋಡಿದ, ಆ ಹುಡುಗನನ್ನು ನೋಡಿದ. ‘ಲೇ, ಆದಿಮಾನವ ಬಂದ ನೋಡಲೇ’ ಎಂದ. ಇನ್ನೊಬ್ಬ ‘ಗುಹೆಯೂ ಐತಲ್ಲೋ’ ಎಂದು ಗುಡಿಸಲನ್ನು ತೋರಿಸಿದ. ಗಾಡಿಯವನೂ ನಕ್ಕ. ಹುಡುಗ ಹೆಗಲಿನ ಜಲ್ಲೆಯನ್ನು ಕೆಳಗಿಳಿಸಿದ, ಗೊಂಬೆಗಳನ್ನು ನೋಡದೆ ತಿರುಗಿ ಹೋದ.

ಇಬ್ಬರಿಗೂ ಗದರಿದೆ. ಸುಮ್ಮನಾದರು. ಆದರೆ ಹೆದರಿ ಸುಮ್ಮನಾದರೇ ಹೊರತು ತಿಳಿದು ಅಲ್ಲ. ನನ್ನ ಕೈಯಲ್ಲೂ ಅದೇ ಪಾಕೀಟು ಇತ್ತು ನೋಡಿ.

ಮಾರನೆಯ ದಿನ ಗುಡಿಸಲ ಬಳಿ ಹೋದೆ. ಹುಡುಗನ ಅಪ್ಪ ಮಚ್ಚು ಮಸೆಯುತ್ತಿದ್ದರು. ಹೂವಿನಹಡಗಲಿ ಕಡೆಯವರು. ‘ಊರಾಗ ನಮ್ದೂ ಆರ್‌ಸಿಸಿ ಮನಿ ಐತ್ರೀ ಸರ. ಇದು ನಾಕ್ ತಿಂಗಳಿಂದು’ ಎಂದರು, ನಾನು ಕೇಳದಿದ್ದರೂ. ಹುಡುಗ ಆರನೇ ಕ್ಲಾಸು. ಹಂಗಾಮಿನಲ್ಲಿ ಅಪ್ಪ ಅಮ್ಮನ ಜೊತೆ ಬಂದರೆ ಆ ನಾಲ್ಕೈದು ತಿಂಗಳು ಶಾಲೆ ತಪ್ಪುತ್ತದೆ. ಗುಡಿಸಲು ಕಟ್ಟಿದ್ದು ಯಾರು ಎಂದರೆ ಅವರು ಮಗನ ಕಡೆ ಗದ್ದ ಎತ್ತಿ ತೋರಿಸಿದರು: ‘ಗೂಟ ಹೊಡೆಯಾದು ಅವಂದs.’

ಆಗ ನನಗೆ ಹಳ್ಳೂರು ನೆನಪಾಯಿತು.

ಕಾರ್ಖಾನೆಯಲ್ಲಿ ಯಂತ್ರ ತೊಳೆಯಲೆಂದು ನುರಿಸುವುದು ನಿಂತ ಒಂದು ದಿನ ನೋಡಿಕೊಂಡು ಹೊರಟೆವು. ಊರಿನ ಆ ಇಬ್ಬರು (ಮನೆಯವರನ್ನು ಕೇಳಿ ಕರೆದುಕೊಂಡದ್ದು), ಈ ಹುಡುಗ, ಅವನ ಅಪ್ಪ ಮತ್ತು ನಾನು. ಬುತ್ತಿ, ನೀರು, ಹನ್ನೆರಡು ಮೀಟರ್ ನೂಲಿನ ಹಗ್ಗ. ಹಗ್ಗ ಏತಕ್ಕೆಂದು ಮಕ್ಕಳು ಕೇಳಿದರೂ ಹೇಳಲಿಲ್ಲ. ಬಸ್ಸಿನಲ್ಲಿ ಊರಿನ ಇಬ್ಬರು ಒಂದು ಸೀಟು, ಹಡಗಲಿಯವನು ಅಪ್ಪನ ಪಕ್ಕ. ದಾವಣಗೆರೆ ದಾಟಿ ಹರಿಹರ. ಹರಿಹರದ ಸೇತುವೆಯ ಮೇಲೆ ಬಸ್ಸು ಬಂದಾಗ ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಹರಿಯುತ್ತಿದ್ದಳು. ಹೊಳೆ ದಾಟಿದರೆ ಜಿಲ್ಲೆ ಬದಲು: ಕುಮಾರಪಟ್ಟಣ ಹಾವೇರಿ ಜಿಲ್ಲೆಯದು. ಅಲ್ಲಿಂದ ರಾಣೆಬೆನ್ನೂರು, ಮತ್ತೆ ತೆಂಕಣಕ್ಕೆ ತಿರುಗಿ, ಕೇಳಿಕೊಂಡು ಕೇಳಿಕೊಂಡು ಹಳ್ಳೂರು.

ಹಳ್ಳೂರಿನಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಂಪೆಯಂತೆ ಕಂಬಗಳಿಲ್ಲ, ಚಿತ್ರದುರ್ಗದಂತೆ ಕೋಟೆಯಿಲ್ಲ. ಹೊಳೆಯ ದಂಡೆ, ಮಣ್ಣಿನ ದಿಬ್ಬ. ‘ಗುಹೆ ಎಲ್ಲಿ ಸಾರ್?’ ಎಂದ ಒಬ್ಬ. ಗುಹೆ ಇಲ್ಲ ಎಂಬುದನ್ನು ತೋರಿಸಲೇ ಅಷ್ಟು ದೂರ ಕರೆತಂದಿದ್ದೆ.

1960ರ ದಶಕದ ನಡುವಿನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಂ.ಎಸ್. ನಾಗರಾಜರಾವ್ ಅವರು ಇಲ್ಲಿ ಅಗೆತ ನಡೆಸಿದರು. ತುಂಗಭದ್ರಾ ಕಣಿವೆಯ ಪ್ರಾಗಿತಿಹಾಸದ ಬಗ್ಗೆ ಅವರ ಪುಸ್ತಕ 1971ರಲ್ಲಿ ಬಂತು. ಕೆಳಗಿನ ಪದರಗಳಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನ, ಮೇಲಿನ ಪದರದಲ್ಲಿ ಕಬ್ಬಿಣ ಕಂಡವರು. ಇಲ್ಲಿಯ ಕಬ್ಬಿಣಕ್ಕೆ ಕ್ರಿಸ್ತಪೂರ್ವ 1000ದ ಆಸುಪಾಸಿನ ಕಾಲ ಸಿಕ್ಕಿದ್ದರಿಂದ ಹಳ್ಳೂರಿನ ಹೆಸರು ದೇಶದ ಪುರಾತತ್ವ ಪುಸ್ತಕಗಳಲ್ಲೆಲ್ಲ ಇದೆ. ಕೆ.ಆರ್. ಆಲೂರ ಅವರು ಇಲ್ಲಿಯ ಎಲುಬುಗಳಲ್ಲಿ ಕುದುರೆಯದನ್ನು ಗುರುತಿಸಿದ್ದು ವಿದ್ವಾಂಸರ ನಡುವೆ ಈಗಲೂ ಚರ್ಚೆಯ ವಿಷಯ. ನನ್ನ ಹುಡುಗರಿಗೆ ಹಿಡಿಸಿದ್ದು ಇವಾವುದೂ ಅಲ್ಲ, ಊಟದ ವಿಷಯ. ದಕ್ಷಿಣದ ನವಶಿಲಾಯುಗದ ಊರುಗಳ ಬೂದಿಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಆರಿಸಿ ನೋಡಿದ್ದಾರೆ. ನಮ್ಮ ಗೊಂಬೆ ತೇಲಿಸುವ ಉಪಾಯವೇ ಅದು! ಸಿಕ್ಕಿದ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು ಮತ್ತು ಕೊರಲೆ. ‘ಹುರುಳಿ ಸಾರು ಉಣ್ತಿದ್ರಾ?’ ಎಂದು ಊರಿನ ಹುಡುಗರು ಒಟ್ಟಿಗೇ ಕೇಳಿದರು. ಮಾಂಸ ಹರಿಯುವ ಕಾಡುಮನುಷ್ಯನನ್ನು ನಿರೀಕ್ಷಿಸಿದವರಿಗೆ ಅವರ ಅಜ್ಜಿಯ ಅಡುಗೆಮನೆ ಎದುರಾದಂತಾಯಿತು.

ಅವರ ಕೊಡಲಿಗಳ ವಿಷಯವನ್ನೂ ಹೇಳಿದೆ. ಬಳ್ಳಾರಿ ಬಳಿಯ ಸಂಗನಕಲ್ಲು-ಕಪ್ಪಗಲ್ಲಿನ ಬೆಟ್ಟಗಳಲ್ಲಿ ಡೊಲೆರೈಟ್ ಎಂಬ ಕರಿಕಲ್ಲನ್ನು ಒಡೆದು ರಾಶಿಗಟ್ಟಲೆ ಕೊಡಲಿ ತಯಾರಿಸುತ್ತಿದ್ದರು. ಕಲ್ಲು ಯಾವುದು, ಚೆಕ್ಕೆ ಎಬ್ಬಿಸಿದ್ದು ಹೇಗೆ, ಉಜ್ಜಿದ್ದು ಎಲ್ಲಿ ಎಂದು ನೋಡಿ ಕೊಡಲಿಯ ಹುಟ್ಟೂರನ್ನು ವಿದ್ವಾಂಸರು ಹುಡುಕುತ್ತಾರೆ. ನಾನು ಹೊಕ್ಕುಳು, ಗೆರೆ, ಅಳತೆ ನೋಡಿ ಗೊಂಬೆಯ ಕುಲ ಹುಡುಕುವುದು ಇದರದೇ ಬಡ ನಕಲು.

ಇಲ್ಲಿಯ ಮನೆಗಳು ದುಂಡಗಿದ್ದವು. ಗೋಡೆ ತಡಿಕೆಯದು, ಎಂದೋ ಮಣ್ಣಾಗಿ ಹೋಗಿದೆ. ಉಳಿದದ್ದು ನೆಲ ಮಾತ್ರ. ಕಂಬ ಕೊಳೆತು ಹೋದರೂ ಅದು ನಿಂತ ಕುಳಿಯಲ್ಲಿ ಬೇರೆ ಬಣ್ಣದ ಮಣ್ಣು ತುಂಬಿಕೊಂಡಿರುತ್ತದೆ, ಅಗೆಯುವವರು ಇಂಥ ಕುಳಿಗಳಿಂದಲೇ ಮನೆಯ ಆಕಾರ ಕಂಡುಕೊಳ್ಳುತ್ತಾರೆ ಎಂದು ನಾನು ಹೇಳುತ್ತಿದ್ದಂತೆ ಇಷ್ಟು ಹೊತ್ತು ಸುಮ್ಮನಿದ್ದ ಹುಡುಗನ ಅಪ್ಪ ಬಾಯಿ ತೆರೆದರು. ‘ಖರೇ ಐತ್ರೀ ಸರ. ಹೋದ ವರ್ಷ ಗುಡಿಸಲ ಹಾಕಿದ್ದ ಜಾಗಕ್ಕs ಈ ವರ್ಷ ಬಂದ್ವಿ. ಗೂಟದ ತೂತು ಹಂಗs ಗೊತ್ತಾಗ್ತಿದ್ವು. ಮಣ್ಣು ಮೆತ್ತಗಿರ್ತೈತಿ.’ ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಕೈಯಲ್ಲಿ ಮುಟ್ಟಿದ್ದರು.

ಆಗ ಹಗ್ಗ ತೆಗೆದೆ. ದಿಬ್ಬದ ಮೇಲೆ ಗೂಟ ಹೊಡೆಯುವಂತಿಲ್ಲ, ಅಲ್ಲಿಂದ ಒಂದು ಚೂರು ಮಡಕೆಯನ್ನೂ ಎತ್ತುವಂತಿಲ್ಲ ಎಂಬುದು ನನ್ನ ಕಟ್ಟಪ್ಪಣೆ. ಹೊಳೆಯ ಮರಳಿಗೆ ಇಳಿದೆವು. ‘ಹನ್ನೆರಡು ಮೀಟರ್ ಉದ್ದದ ತಡಿಕೆ ಇದೆ ಎಂದುಕೊಳ್ಳಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಯಾವ ಆಕಾರದಲ್ಲಿ ಕಟ್ಟಬಹುದು?’ ಎಂದೆ. ಊರಿನ ಹುಡುಗರು ನಾಲ್ಕು ಮೂಲೆ ಹಿಡಿದು ಚೌಕ ಮಾಡಿದರು. ಮೂರು ಮೂರಲ ಒಂಬತ್ತು ಚದರ ಮೀಟರ್. ಹಡಗಲಿಯ ಹುಡುಗ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಗ್ಗದ ಎರಡು ತುದಿ ಗಂಟು ಹಾಕಿ ಮರಳಿನ ಮೇಲೆ ದುಂಡಗೆ ಹರಡಿ, ಒಳಗಿನಿಂದ ಕಾಲಿನಲ್ಲಿ ತಳ್ಳಿ ತಳ್ಳಿ ಸರಿಮಾಡತೊಡಗಿದ. ಒಬ್ಬನಿಂದ ಆಗದು, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಒಳಬರುತ್ತದೆ. ‘ಆ ಕಡೆ ಹಿಡಿಯೋ’ ಎಂದ, ಯಾರಿಗೆಂದು ನೋಡದೆ. ಗುಹೆಯ ಮಾತಾಡಿದ್ದವನೇ ಹೋಗಿ ಹಿಡಿದ. ಮೂವರೂ ಸೇರಿ ದುಂಡು ಮಾಡಿದರು. ಅಡ್ಡ ಅಳೆದರೆ ಮೂರು ಮೀಟರ್ ಎಂಬತ್ತು ಸೆಂಟಿಮೀಟರಿನ ಮೇಲೆ ಚೂರು. ಪೈ ಹಾಕಿ ಗುಣಿಸಿದರು. ಹನ್ನೊಂದೂವರೆ ಚದರ ಮೀಟರಿಗೆ ಚೂರೇ ಕಡಿಮೆ.

‘ಎರಡೂವರೆ ಹೆಚ್ಚಿಗೆ ಬಂತು ಸಾರ್!’

‘ಅಂದ್ರ ಇಬ್ರು ಮಲಗಬೌದು’ ಎಂದರು ಹುಡುಗನ ಅಪ್ಪ, ಲೆಕ್ಕವನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡು.

ಮರಳಿನ ಆ ದುಂಡು ಮನೆಯೊಳಗೇ ಕುಳಿತು ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ನಾನು ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ನಲವತ್ತಮೂರನ್ನೂ ಮರಳಿನ ಮೇಲೆ ನಿಲ್ಲಿಸಿ, ಎಣಿಸಿ ವಿಂಗಡಿಸಿ ಎಂದೆ. ಎಣಿಸಿದರು. ದೊಣ್ಣೆ ಎತ್ತಿದವರು ಹತ್ತೊಂಬತ್ತು, ಈಟಿಯವರು ಒಂಬತ್ತು, ತಲೆಯ ಮೇಲೆ ಬಂಡೆ ಎತ್ತಿದವರು ಎಂಟು, ಬೆಂಕಿ ಮಾಡುವವರು ಮೂರು, ಬೇಟೆಯನ್ನು ಎಳೆದುಕೊಂಡು ಹೋಗುವವರು ಇಬ್ಬರು, ಹೆಂಗಸರು ಇಬ್ಬರು. ‘ಕಲ್ಲು ಉಜ್ಜೋರು ಯಾರೂ ಇಲ್ಲ’ ಎಂದ ಒಬ್ಬ. ‘ದನ ಕಾಯೋರೂ ಇಲ್ಲ.’ ‘ಹುರುಳಿ ಬೀಸೋರು?’ ‘ಮನಿ ಕಟ್ಟೋರು?’ ಕೊನೆಯದು ಹಡಗಲಿಯವನ ಪ್ರಶ್ನೆ. ಇಪ್ಪತ್ತು ವರ್ಷ ಅಚ್ಚಿನ ಗೆರೆ, ಹೊಕ್ಕುಳು, ಸಾಂದ್ರತೆ ಎಂದೆಲ್ಲ ಬರೆದಿಟ್ಟ ನನ್ನ ನೋಟ್‌ಬುಕ್ಕಿನಲ್ಲಿ ಈ ಕಾಲಮ್ಮೇ ಇರಲಿಲ್ಲ.

ಆಗಲೇ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಿದೆ. ರಾಯಚೂರು ಸೀಮೆಯ ಪಿಕ್ಲಿಹಾಳದಂಥ ನವಶಿಲಾಯುಗದ ನೆಲೆಗಳಲ್ಲಿ ಡುಬ್ಬವಿರುವ ಎತ್ತಿನ ಸಣ್ಣ ಸಣ್ಣ ಮಣ್ಣಿನ ಗೊಂಬೆಗಳು ಸಿಕ್ಕಿವೆ. ಪೂಜೆಗೆ ಮಾಡಿದವೋ ಮಕ್ಕಳು ಆಡಲು ಮಾಡಿದವೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆ ಆಚರಿಸುವ ನಾಡಿನ ಮಕ್ಕಳಿಗೆ ಆ ಚರ್ಚೆ ಬೇಕಾಗಲಿಲ್ಲ. ‘ಪೂಜೆ ಆದಮೇಲೆ ಆಡೋದೇ ಅಲ್ವಾ ಸಾರ್’ ಎಂದರು.

ವಾಪಸು ಬರುವಾಗ ರಾಣೆಬೆನ್ನೂರಿನಲ್ಲಿ ಬಸ್ಸು ಕಿಕ್ಕಿರಿದಿತ್ತು. ಮೂವರು ಹುಡುಗರಿಗೆ ಸೇರಿ ಒಂದೇ ಸೀಟು ಸಿಕ್ಕಿತು. ಅಡಿಪಟ್ಟಿಯಲ್ಲಿ ಗೊಂಬೆ ಅಳೆಯುವುದು ಹೇಗೆ ಎಂದು ಗದ್ದಲ ಮಾಡುತ್ತ ಬಂದರು. ಅವರು ಪ್ರಾಣಸ್ನೇಹಿತರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ಆ ಇಬ್ಬರು ಗುಡಿಸಲಿನ ಕಡೆ ಹೋದದ್ದನ್ನು ನಾನು ಹೆಚ್ಚು ನೋಡಲಿಲ್ಲ. ಆದರೆ ಆ ಮಾತನ್ನು ಮತ್ತೆ ಆಡಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಹಂಗಾಮು ಮುಗಿಯಿತು. ಚಿಮಣಿಯ ಹೊಗೆ ನಿಂತಿತು. ಗುಡಿಸಲುಗಳನ್ನು ಕಿತ್ತು ಬಿದಿರನ್ನು ಟ್ರ್ಯಾಕ್ಟರಿಗೆ ಹೇರುತ್ತಿದ್ದ ದಿನ ಆ ಹುಡುಗ ಟೀ ಅಂಗಡಿಯ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಸೋಗೆಯಲ್ಲಿ ಸುತ್ತಿದ ಒಂದು ಪೊಟ್ಟಣ. ‘ನಿಮ್ಮ ಡಬ್ಬಿಗೆ, ಸರ’ ಎಂದ. ನಾಲೆಯ ಮಣ್ಣಿನಲ್ಲಿ ಮಾಡಿದ ಗೊಂಬೆ, ಗೇಣಿನ ಅರ್ಧದಷ್ಟು. ಒಬ್ಬ ಮನುಷ್ಯ, ನೆಟ್ಟಗೆ ನಿಂತಿದ್ದಾನೆ. ಒಂದು ಕೈಯಲ್ಲಿ ಗೂಟ, ಇನ್ನೊಂದರಲ್ಲಿ ಅದನ್ನು ಹೊಡೆಯುವ ಕಲ್ಲು.

ಸುಡದ ಮಣ್ಣಾದ್ದರಿಂದ ನೀರಿಗೆ ಹಾಕಿ ಪರೀಕ್ಷಿಸುವಂತಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಸಂಖ್ಯೆ 44. ಎತ್ತರ 92 ಮಿ.ಮೀ. ಅಚ್ಚಿನ ಗೆರೆ ಇಲ್ಲ. ಹೊಕ್ಕುಳು ಇದೆ, ಹೊಟ್ಟೆಯ ಮೇಲೆ, ಬೆರಳಿನಿಂದ ಒತ್ತಿದ್ದು. ಸಿಕ್ಕಿದ ಸ್ಥಳ ಕುಕ್ಕುವಾಡ.